ಸೋಫಾದ ಮೇಲೆ ಎಲ್‌ಬಿಡಬ್ಲ್ಯೂ

ಗೆಳೆಯರೇ, ಇವತ್ತು ಸದಲಗಾದಲ್ಲಿ ನಮ್ಮ ಸೋದರಮಾವ ಎಲ್‌ಬಿಡಬ್ಲ್ಯೂ ಆದರು. ಮನೆಯ ಸೋಫಾದ ಮೇಲೆ, ಕೂತಲ್ಲೇ.

ಟಿವಿಯಲ್ಲಿ ಮ್ಯಾಚ್ ನಡೆದಿತ್ತು, ಬ್ಯಾಟ್ಸ್‌ಮನ್ ಒಬ್ಬ ಎಲ್‌ಬಿಡಬ್ಲ್ಯೂ ಆಗಿದ್ದ. ಎಮ್ಮೆ ಹಿಂಡಲು ಹೊರಟಿದ್ದ ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು: “ಚೆಂಡು ಸ್ಟಂಪಿಗಿ ಬಡದ ಇಲ್ಲ, ಕಾಲಿಗಿ ಬಡದೈತಿ. ಹೆಂಗ ಔಟ್ ರೀ?”

ಮಾವ ಹೈಸ್ಕೂಲ್ ಮಾಸ್ತರು. ಯಾವ ಪಾಠವನ್ನೂ ಸುಲಭ ಮಾಡದೆ ಬಿಡುವವರಲ್ಲ.

“ನೀ ಹಿಂಡೂ ಮುಂದ ಎಮ್ಮಿ ನಡುವ ಕಾಲು ಇಟ್ರ ಹಾಲು ಬಕೀಟಿಗೆ ಬೀಳತೈತೇನು?”

“ಇಲ್ರಿ.”

“ತಪ್ಪು ಯಾರ್ದು?”

“ಎಮ್ಮೀದು.”

“ಆತಲ್ಲ! ಬ್ಯಾಟ್ಸಮನ್ ಅಂದ್ರ ಎಮ್ಮಿ. ನಡುವ ಕಾಲು ತಂದ, ಔಟ್.”

ಅತ್ತೆ ತಲೆಯಾಡಿಸಿ ಹೋದರು. ಅರ್ಧ ಗಂಟೆಯ ಮೇಲೆ ತುಂಬಿದ ಬಕೆಟ್ ಹಿಡಿದು ಬಂದರು. ಮಾವ ದಾರಿಗಡ್ಡ ಕಾಲು ಚಾಚಿದ್ದರು. ಅತ್ತೆ ಎಡವಿದರು, ಹಾಲೆಲ್ಲ ನೆಲದ ಪಾಲು.

ಮಾವ ಬಾಯಿ ತೆರೆಯುವ ಮೊದಲೇ ಅತ್ತೆಯ ಬೆರಳು ಮೇಲೆದ್ದಿತ್ತು. “ಹಾಲು ಸೀದಾ ಒಲಿಗಿ ಹೊಂಟಿತ್ತು. ನಡುವ ಕಾಲು ಬಂತು. ಔಟ್! ನಡೀರಿ ಹೊರಗ.”

“ರಿವ್ಯೂ!” ಎಂದು ಮಾವ ನನ್ನತ್ತ ತಿರುಗಿದರು. “ನೀನರ ಹೇಳೋ, ನಾ ಏನ್ ಬೇಕಂತ ಇಟ್ನೇನು ಕಾಲು?”

“ಎಮ್ಮೀನೂ ಬೇಕಂತ ಇಡೂದಿಲ್ರಿ,” ಎಂದರು ಅತ್ತೆ.

ಮಾವ ಈಗ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತು, ಕಿಟಕಿಯಿಂದ ಮ್ಯಾಚ್ ನೋಡುತ್ತಿದ್ದಾರೆ. ನನ್ನ ತೀರ್ಪೇನು ಅಂತೀರಾ? ಔಟ್ ಅಂದುಬಿಟ್ಟೆ. ಇವತ್ತಿನ ಜೋಳದ ಭಕ್ರಿ ಬಡಿಯುವವರು ಅತ್ತೆ. ಮೂರನೇ ಅಂಪೈರಿಗೂ ಹೊಟ್ಟೆ ಇರುತ್ತದೆ.