ಸ್ಟೇಷನ್ ಬಾವಿಯ ಸಿದ್ದಲಕ್ಷ್ಮಮ್ಮ

ಬೆಳಕು ಹರಿಯುವ ಹೊತ್ತು. ಗುಬ್ಬಿ ತಾಲ್ಲೂಕಿನ ಹುಣಸೆಪಾಳ್ಯದ ಮುಚ್ಚಿದ ರೈಲ್ವೆ ಸ್ಟೇಷನ್ನಿನ ಹಿಂದೆ ರಾಟೆ ಕಿರುಗುಟ್ಟುತ್ತಿದೆ. ಸಿದ್ದಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರು ಸೇದುತ್ತಿದ್ದಾರೆ. ಮೊದಲ ಕೊಡ ಮನೆಗಲ್ಲ, ಊರ ಶಾಲೆಯ ಅಡುಗೆಮನೆಗೆ. ಅಲ್ಲಿ ಬಿಸಿಯೂಟ ಮಾಡುವವರೂ ಇವರೇ.

ಶಾಲೆಯ ಅಂಗಳದಲ್ಲೇ ಬೋರ್‌ವೆಲ್ ಇದೆಯಲ್ಲ, ಇಷ್ಟು ದೂರ ಯಾಕೆ ಹೊರಬೇಕು ಎಂದು ಕೇಳಿ ನಾನು ದಡ್ಡನಾದೆ.

"ಆ ನೀರಲ್ಲಿ ಬೆಳಗಿಂದ ಸಂಜೆಗಂಟ ಬೇಯ್ಸಿದ್ರೂ ಬೇಳೆ ಕಲ್ಲಿದ್ದಂಗೇ ಇರ್ತದೆ ಕಣಪ್ಪ. ಇದ್ರಲ್ಲಿ ಹಾಕಿ ನೋಡು, ಬೆಣ್ಣೆ ಆಯ್ತದೆ."

ಇಲ್ಲಿ ಸ್ಟೇಷನ್ ಹುಟ್ಟಿದ್ದೂ ಈ ನೀರಿನಿಂದಲೇ. ಗಡಸು ನೀರು ಕುಡಿದರೆ ಉಗಿ ಇಂಜಿನ್ನಿನ ಹೊಟ್ಟೆಯಲ್ಲಿ ಸುಣ್ಣ ಕಟ್ಟುತ್ತಿತ್ತು. ಮೆದು ನೀರು ಸಿಕ್ಕಿತೆಂದು ಇಲ್ಲಿ ಬಾವಿ ತೋಡಿ, ಪಕ್ಕದಲ್ಲಿ ಸ್ಟೇಷನ್ ಕಟ್ಟಿದರು. ಇಂಜಿನ್ನಿಗೆ ನೀರು ತುಂಬುತ್ತಿದ್ದವರು ಸಿದ್ದಲಕ್ಷ್ಮಮ್ಮನ ಮಾವ ಅಡವಿಯಪ್ಪ. ಡೀಸೆಲ್ ಬಂದ ಮೇಲೆ ರೈಲಿಗೆ ಬಾಯಾರಿಕೆಯೇ ಇಲ್ಲವಾಯಿತು. ಟಿಕೆಟ್ ಕೊಳ್ಳುತ್ತಿದ್ದವರೂ ಬಸ್ಸು ಹಿಡಿದರು. ಸ್ಟೇಷನ್ನಿಗೆ ಬೀಗ ಬಿತ್ತು.

"ನಮ್ಮೂರಿಗೆ ರೈಲು ನಿಲ್ತಿತ್ತು ಅಂತ ಜನ ಜಂಬ ಕೊಚ್ಕೋತಾರೆ. ಊರಿಗೆಲ್ಲಿ ನಿಲ್ತಿತ್ತು, ನೀರಿಗೆ ನಿಲ್ತಿತ್ತು" ಎಂದು ನಗುತ್ತಾರೆ.

ಮಾವ ತೀರಿಕೊಂಡ ಮೇಲೆ ಬಾವಿ ಇವರ ಪಾಲಿಗೆ ಬಂತು. ಯಾರೂ ಕೊಟ್ಟದ್ದಲ್ಲ, ಇವರೇ ಹಚ್ಚಿಕೊಂಡದ್ದು. ಹೊಂಗೆ ಎಲೆ ಬೀಳದಂತೆ ಬಲೆ ಕಟ್ಟುತ್ತಾರೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಸೊಂಟಕ್ಕೆ ಹಗ್ಗ ಬಿಗಿದು ತಾವೇ ಇಳಿದು ಹೂಳು ತೆಗೆಯುತ್ತಾರೆ. ಮೇಲೆ ನಿಂತು ಮಂಕರಿ ಎಳೆಯುವ ಹೆಂಗಸರಿಗೆ ಎದೆ ಢವಢವ, ಕೆಳಗಿನಿಂದ ಇವರ ಬೈಗುಳ ಬೇರೆ. ಇದಕ್ಕೆ ಸಂಬಳವಿಲ್ಲ. ಮದುವೆ ಮನೆಯವರು ಸಾರಿನ ನೀರಿಗೆ ಕ್ಯಾನ್ ಹಿಡಿದು ಬಂದರೆ ಇವರಿಗೆ ಎಲ್ಲಿಲ್ಲದ ಖುಷಿ.

ಈಗ ಇನ್ನೊಂದು ಹಳಿ ಹಾಕಲು ಅಳತೆ ನಡೆದಿದೆ. ಹಾಕಿದರೆ ಬಾವಿ ಅದರ ಅಡಿಗೇ ಬೀಳುತ್ತದೆ, ಮಣ್ಣು ತುಂಬಿ ಮುಚ್ಚಬೇಕಾಗುತ್ತದೆ. ಅಳತೆಗೆ ಬಂದ ಇಂಜಿನಿಯರ್ ಉದಯಕುಮಾರ್ ಅವರನ್ನು ಸಿದ್ದಲಕ್ಷ್ಮಮ್ಮ ಶಾಲೆಗೆ ಕರೆದು, ಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಅನ್ನ ಸಾರು ಬಡಿಸಿದರು. ಅವರು ಮತ್ತೆ ಮತ್ತೆ ಸಾರು ಹಾಕಿಸಿಕೊಂಡರು. ಹಳಿಯನ್ನು ಸ್ವಲ್ಪ ಆಚೆ ಸರಿಸಬಹುದೇ ಎಂದು ಮೇಲಿನವರನ್ನು ಕೇಳಿಯೂ ಇದ್ದಾರೆ. ಉತ್ತರ ಬಂದಿಲ್ಲ. ಬಾವಿ ಹೋಗಿಬಿಡುತ್ತದೇನೋ ಎಂಬ ಅಳುಕು ಸಿದ್ದಲಕ್ಷ್ಮಮ್ಮನಿಗೆ ಇದ್ದೇ ಇದೆ.

ಆದರೂ ಈ ಬೇಸಿಗೆಯ ಹೂಳಿಗೆ ಹೊಸ ಹಗ್ಗ ತಂದಿಟ್ಟಿದ್ದಾರೆ. ಮುಚ್ಚಿಯೇ ಬಿಡುವ ಬಾವಿಗೆ ಇಷ್ಟೆಲ್ಲ ಯಾಕೆ, ಈ ಸಲ ಬಿಡಬಾರದೇ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಲೆಯ ಮೇಲೆ ಸಿಂಬಿ ಸರಿಮಾಡಿಕೊಂಡು ಕೊಡ ಎತ್ತಿಟ್ಟುಕೊಂಡರು.

"ಉಳುದ್ರೆ ಮಕ್ಕಳಿಗಾಯ್ತದೆ. ಮುಚ್ಚೋದೇ ಆದ್ರೆ, ಮುಚ್ಚೋಕೆ ಮುಂಚೆ ಒಂದ್ಸಲ ಬಗ್ಗಿ ನೋಡ್ಲಿ. ಒಳ್ಳೆ ಬಾವಿ ಮುಚ್ತಾ ಇದೀವಿ ಅಂತ ಅವ್ರ್ಗೂ ಗೊತ್ತಾಗ್ಬೇಕು."