ಟಾಕಿಯ ನೆರಳಲ್ಲಿ ಎರಡು ತಾಸು

ಸಕ್ಕರೆ ಕಾಯಿಲೆ ಬಂದ ಮೇಲೆ ನಾನು ಮೊದಲು ಜಗಳ ತೆಗೆದದ್ದು ಖಾನಾವಳಿಯ ಒಡತಿಯ ಜೊತೆ. ಶಹಾಪುರದ ಸರ್ಕಾರಿ ಶಾಲೆಯೊಂದಕ್ಕೆ ಗುಮಾಸ್ತನಾಗಿ ಬಂದ ದಿನದಿಂದ ಅವಳ ಕೈಯ ಊಟ ಉಂಡವನು ನಾನು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುತ್ತಿದ್ದವರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಸುರಪುರದಲ್ಲಿ ಅಣ್ಣನ ಮನೆ ಇದೆ, ಹಬ್ಬಕ್ಕೆ ಹೋಗಿ ಬರುತ್ತೇನೆ. ಉಳಿದ ದಿನಗಳಲ್ಲಿ ಎರಡೂ ಹೊತ್ತು ಖಾನಾವಳಿಯ ಉದ್ದನೆಯ ಬೆಂಚು, ಪಕ್ಕಕ್ಕೆ ಯಾರೋ ಹತ್ತಿ ವ್ಯಾಪಾರಿ, ಎದುರಿಗೆ ಯಾರೋ ಬ್ಯಾಂಕಿನವರು. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರದಿದ್ದರೂ ಶೇಂಗಾ ಹಿಂಡಿಯ ಬಟ್ಟಲು ಈಚೆ ದಾಟಿಸಲು ಒಂದು ಕೈ ಇರುತ್ತಿತ್ತು.

ಸದ್ಯಕ್ಕೆ ಗುಳಿಗೆ ಬೇಡ, ಊಟದಲ್ಲೇ ಹಿಡಿದು ನೋಡೋಣ ಅಂದರು ಡಾಕ್ಟರು. ರೊಟ್ಟಿ ಎರಡೇ, ಪಲ್ಯ ಬೇಕಾದಷ್ಟು, ಅನ್ನ ಕೈತುತ್ತಿನಷ್ಟು, ಸಿಹಿ ಪೂರಾ ಬಂದ್. ಇದನ್ನು ಖಾನಾವಳಿಯಲ್ಲಿ ಹೇಳಿದೆ. ಒಡತಿ ಪೂರ್ತಿ ಕೇಳಿಸಿಕೊಂಡಳು, ಅಯ್ಯೋ ಪಾಪ ಅಂದಳು, ಮೂರನೇ ರೊಟ್ಟಿ ತಂದು ತಾಟಿಗೆ ಹಾಕಿದಳು. ನಾನು ಸ್ವಲ್ಪ ಜೋರಾಗಿಯೇ ಬೇಡ ಅಂದೆ.

“ಅರ್ಧ ಹೊಟ್ಟಿ ಉಣಿಸಿ ಕಳಿಸೋ ಖಾನಾವಳಿ ನಂದಲ್ರಿ,” ಅಂದಳು. “ನನ್ನ ಕೈ ಹಂಗ ಬಗ್ಗಂಗಿಲ್ಲ.”

ಎರಡು ದಿನ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ಉಂಡೆ. ಮೂರನೇ ದಿನ ಅವಳು ನನ್ನ ಬೆರಳಿನ ಸಂದಿಯಲ್ಲೇ ಅನ್ನ ಜಾರಿಸಿದಳು. ನಾನು ಎದ್ದು ಬಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರಲಿಲ್ಲ.

ಒಲೆ, ಹಂಚು, ಜೋಳದ ಹಿಟ್ಟು ಕೋಣೆಗೆ ಬಂದವು. ಐವತ್ತು ದಾಟಿದ ಮೇಲೆ ರೊಟ್ಟಿ ಬಡಿಯಲು ಕಲಿತ ಗಂಡಸು ನಮ್ಮ ಓಣಿಯಲ್ಲಂತೂ ಬೇರೆ ಇಲ್ಲ. ನೀರು ಸರಿಯಾಗಿ ಕುದಿಯದಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ. ಅದನ್ನು ಹೇಳಿಕೊಡುವವರು ಸಿಗುವ ತನಕ ಸೀಳು ರೊಟ್ಟಿಯನ್ನೇ ತಿಂದೆ. ಬಡಿಯುವುದಾದರೂ ಬಂತು, ತಿನ್ನುವುದೇ ಬರಲಿಲ್ಲ. ಗೋಡೆಗೆ ಮುಖ ಮಾಡಿ ಕೂತರೆ ಆರು ನಿಮಿಷಕ್ಕೆ ಊಟ ಮುಗಿದುಹೋಗುತ್ತಿತ್ತು. ಮೊಬೈಲನ್ನು ತಂಬಿಗೆಗೆ ಆನಿಸಿ ಇಟ್ಟು, ಯಾವುದೋ ಊರಿನ ಹೆಂಗಸು ಬದನೆಕಾಯಿ ಹೆಚ್ಚುವುದನ್ನು ನೋಡುತ್ತ ಉಂಡೆ. ನಿಧಾನವಾಗಿ ಅಗಿದು ತಿನ್ನಿ ಅಂತ ಡಾಕ್ಟರು ಹೇಳಿದ್ದರು. ಒಬ್ಬನೇ ಕೂತು ನಿಧಾನವಾಗಿ ಅಗಿಯುವುದು ಎಂಥ ಶಿಕ್ಷೆ ಅನ್ನುವುದು ಹೆಂಡತಿ ಮಕ್ಕಳಿರುವ ಆ ಮನುಷ್ಯನಿಗೆ ಗೊತ್ತಿರಲಿಕ್ಕಿಲ್ಲ.

ತಿಂಗಳಿಗೊಮ್ಮೆ ದವಾಖಾನೆಯಲ್ಲಿ ರಕ್ತ ನೋಡುತ್ತಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ಬೆರಳು ಚುಚ್ಚಿ, ಅಲ್ಲೇ ನಂಬರು ಹೇಳುತ್ತಾರೆ. ಆಮೇಲೆ ದಿನಾಲೂ ತಿನ್ನುವುದನ್ನೇ ತಿಂದು ಎರಡು ತಾಸಿಗೆ ಮತ್ತೆ ಬೆರಳು ಕೊಡಬೇಕು. ಊರಿನವರು ಮನೆಗೆ ಹೋಗಿ ಉಂಡು ಬರುತ್ತಾರೆ. ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬಂದು ಹಿತ್ತಲಿನ ನೀರಿನ ಟಾಕಿಯ ನೆರಳಲ್ಲಿ ಕೂರುತ್ತಾರೆ. ನನ್ನ ಕೋಣೆ ಹತ್ತು ನಿಮಿಷದ ದಾರಿ. ಆದರೂ ಮೊದಲ ತಿಂಗಳು ಅಲ್ಲಿಗೆ ಹೋಗಿ ಗೋಡೆ ನೋಡಲು ಮನಸ್ಸಾಗಲಿಲ್ಲ. ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಟಾಕಿಯ ಮೂಲೆಯಲ್ಲಿ ಕೂತೆ.

“ಮಾಸ್ತರ್ರ, ಅದು ಅಕ್ಕಿದಲ್ಲೇನ್ರಿ?” ಅಂತ ಒಬ್ಬ ಮುದುಕಿ ಕೇಳಿದಳು. ದೋರನಹಳ್ಳಿಯವಳು, ಮೂರು ಎಕರೆ ಹೊಲ, ಇಬ್ಬರು ಸೊಸೆಯಂದಿರು, ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ಇವೆಲ್ಲ ಆಮೇಲೆ ತಿಳಿದವು.

ನಾನು ಮಾಸ್ತರ ಅಲ್ಲ, ಶಾಲೆಯ ಗುಮಾಸ್ತ ಅಂದೆ.

“ಶಾಲ್ಯಾಗ ಇದ್ದೋರೆಲ್ಲ ಮಾಸ್ತರ್ರ. ಅದನ್ನ ಆ ನಾಯಿಗಿ ಹಾಕಿ ಈ ಕಡಿ ಬರ್ರಿ.”

ಹೋದೆ. ಅಲ್ಲಿಯ ಪದ್ಧತಿ ಹೀಗಿತ್ತು: ಎಲ್ಲರ ಬುತ್ತಿಯೂ ನಡುವೆ ಬಿಚ್ಚಬೇಕು, ಮೊದಲ ತುತ್ತನ್ನು ಇನ್ನೊಬ್ಬರ ಬುತ್ತಿಯಿಂದ ಮುರಿಯಬೇಕು. ಯಾರು ಮಾಡಿದ ನಿಯಮವೋ ತಿಳಿಯದು, ಆದರೆ ಯಾರೂ ಕದ್ದು ಸಿಹಿ ತರುವಂತಿರಲಿಲ್ಲ. ಆ ಮುದುಕಿಯನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು; ಅವಳ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಹುಳಿ ಹುಳಿ ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ಮೊದಲು ಪಲ್ಯ ತಿನ್ನು, ಅರ್ಧ ಹೊಟ್ಟೆ ತುಂಬಿದ ಮೇಲೆ ರೊಟ್ಟಿಗೆ ಕೈ ಹಾಕು ಅಂತ ನನಗೆ ಕಲಿಸಿದವಳು ಅವಳೇ. ಕುದಿನೀರಿನ ಗುಟ್ಟು ಹೇಳಿದವಳೂ ಅವಳೇ. ಆವತ್ತು ಊಟ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು.

ಇನ್ನೊಬ್ಬರು ಸುರಪುರ-ಯಾದಗಿರಿ ಬಸ್ಸಿನ ಕಂಡಕ್ಟರು. ಅವರಿಗೆ ಪ್ರತಿ ನಿಲ್ದಾಣದಲ್ಲೂ ಯಾರಾದರೂ ಚಹಾ ಕುಡಿಸುವವರೇ. ಕಾಯಿಲೆ ಇದೆ ಅಂದರೆ ‘ಒಂದ್ ಕಪ್ಪಿಗೇನಾಗ್ತದ’ ಅನ್ನುತ್ತಿದ್ದರಂತೆ.

“ಬ್ಯಾನಿ ಅಂದ್ರ ಯಾರೂ ಬಿಡಂಗಿಲ್ರಿ,” ಅಂದರು ಕಂಡಕ್ಟರು. “ದೇವ್ರಿಗಿ ಸಕ್ರಿ ಬಿಟ್ಟೀನಿ ಅಂದೆ ನೋಡ್ರಿ, ಎಲ್ಲಾರೂ ಕೈ ಮುಗದು ಹಿಂದ ಸರದ್ರು.”

ನಮ್ಮ ಕಡೆ ಹರಕೆಗೆ ಇರುವ ಮರ್ಯಾದೆ ಡಾಕ್ಟರ ಚೀಟಿಗೆ ಇಲ್ಲ. ಯುಗಾದಿಗೆ ಸುರಪುರಕ್ಕೆ ಹೋದಾಗ ನಾನೂ ಹಾಗೇ ಹೇಳಿದೆ. ಅತ್ತಿಗೆ ತಾಟಿಗೆ ಹಾಕಬೇಕೆಂದಿದ್ದ ಹೋಳಿಗೆಯನ್ನು ಭಕ್ತಿಯಿಂದ ವಾಪಸು ಇಟ್ಟರು. ಯಾವ ದೇವರಿಗೆ ಅಂತ ಕೇಳಿದರು. ಅದನ್ನು ಹೇಳಬಾರದು ಅಂದೆ. ಒತ್ತಾಯ ಅಲ್ಲಿಗೇ ನಿಂತಿತು. ಆದರೆ ನನ್ನ ಎರಡು ರೊಟ್ಟಿ ಬೇಗ ಮುಗಿದವು. ಉಳಿದವರೆಲ್ಲ ಹೋಳಿಗೆಗೆ ಹಾಲು ಸುರಿದುಕೊಂಡು ನಗುತ್ತ ಕೂತಿದ್ದರು. ಎದ್ದು ಹೋಗಿ ಕೈ ತೊಳೆದೆ, ಯಾರೂ ತಲೆ ಎತ್ತಲಿಲ್ಲ.

ತಿಂಗಳಿಂದ ತಿಂಗಳಿಗೆ ನನ್ನ ನಂಬರು ಇಳಿಯಿತು. ಅವ್ವನಿಗೆ ಅದು ತನ್ನದೇ ಗೆಲುವು. ಅವಳದೂ ಇಳಿಯುತ್ತಿತ್ತು, ಆದರೆ ನಿಧಾನ. ಮನೆಯಲ್ಲಿ ಅವಳೊಬ್ಬಳಿಗಾಗಿ ಬೇರೆ ರೊಟ್ಟಿ ಬಡಿಯಲು ಸೊಸೆಯರಿಗೆ ಬೇಸರ. ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಅವರ ಮನೆಯಲ್ಲಿ ದಿನಾಲೂ ಅನ್ನವೇ ಆಗಿತ್ತು. ಹೊತ್ತು ಮುಳುಗುವ ಮೊದಲು ಉಣ್ಣುವುದು, ಸಜ್ಜೆ, ಪಲ್ಯ ಎಲ್ಲ ಮುದುಕಿಯ ಹಟ ಅನ್ನುತ್ತಿದ್ದರಂತೆ. ಅವರ ಬಾಯಿ ಮುಚ್ಚಿಸಲು ಅವಳು ನನ್ನನ್ನು ತೋರಿಸುತ್ತಿದ್ದಳು: ಶಹಾಪುರದ ಮಾಸ್ತರ್ರು ಒಂದು ಗುಳಿಗೆ ನುಂಗದೆ ಬರೀ ರೊಟ್ಟಿ ಪಲ್ಯದಲ್ಲಿ ಇಳಿಸಿದ್ದಾರೆ ಅಂತ. ನಾನು ನೋಡದ ಮನೆಯೊಂದರಲ್ಲಿ ನನ್ನ ನಂಬರಿಗೆ ಇಷ್ಟು ಬೆಲೆ ಇದೆ ಅಂತ ಕೇಳಿ ಹಿಗ್ಗಿದ್ದೆ.

ಏಳನೇ ತಿಂಗಳು ಡಾಕ್ಟರು ಬೆನ್ನು ತಟ್ಟಿದರು. “ಮುಂದಿನ ತಿಂಗಳೂ ಹಿಂಗ ಇದ್ರ, ಆಮೇಲೆ ಆರು ತಿಂಗಳಿಗೊಮ್ಮೆ ಬಂದ್ರ ಸಾಕ್ರಿ.”

ಖುಷಿಪಡಬೇಕಾದ ಮಾತು. ನನಗೆ ಹೆದರಿಕೆಯಾಯಿತು. ತಿಂಗಳಿಗೆ ಅರವತ್ತು ಊಟ. ಅದರಲ್ಲಿ ಒಂದೇ ಒಂದು ಊಟ ಮನುಷ್ಯರ ಜೊತೆ. ಕಾಯಿಲೆ ಹಿಡಿತಕ್ಕೆ ಬಂದರೆ ಆ ಒಂದೂ ಹೋಗುತ್ತದೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಟಾಕಿಯ ಕಡೆ ಹೋಗಿ ಯಾರಿಗೂ ಏನೂ ಹೇಳಲಿಲ್ಲ. ಆ ತಿಂಗಳೆಲ್ಲ ಅದನ್ನೇ ಲೆಕ್ಕ ಹಾಕಿದೆ.

ಎಂಟನೇ ತಿಂಗಳ ಪರೀಕ್ಷೆಯ ಬೆಳಿಗ್ಗೆ ಬಸ್ ನಿಲ್ದಾಣದ ಮುಂದಿನ ಅಂಗಡಿಯಲ್ಲಿ ನಿಂತು ನಾಲ್ಕು ಜಿಲೇಬಿ ತಿಂದೆ, ಮೇಲೆ ಸಕ್ಕರೆ ಚಹಾ. ಕೈ ಬಾಯಿ ತೊಳೆದು, ಖಾಲಿ ಹೊಟ್ಟೆಯ ಸಾಲಿನಲ್ಲಿ ಹೋಗಿ ನಿಂತೆ. ನರ್ಸಮ್ಮ ನಂಬರು ನೋಡಿ ನನ್ನ ಮುಖ ನೋಡಿದರು. ಏನು ತಿಂದಿರಿ ಅಂತ ಕೇಳಿದರು. ಏನಿಲ್ಲ ಅಂದೆ. ಇನ್ನೊಂದು ತಿಂಗಳು ನೋಡೋಣ, ಇಳಿಯದಿದ್ದರೆ ಗುಳಿಗೆ ಶುರು ಮಾಡೋಣ ಅಂದರು ಡಾಕ್ಟರು. ಅಂತೂ ಕೆಲಸ ಆಯಿತು ಅಂದುಕೊಂಡು ಬುತ್ತಿ ಹಿಡಿದು ಟಾಕಿಯ ಕಡೆ ನಡೆದೆ. ನಾಚಿಕೆಗೇಡು, ಆದರೆ ಹೆಜ್ಜೆ ಹಗುರಾಗಿಯೇ ಇತ್ತು.

ಅವ್ವ ರೊಟ್ಟಿ ಮುರಿಯುತ್ತ ನನ್ನ ನಂಬರು ಕೇಳಿದಳು. ಹೇಳಿದೆ. ಅವಳ ಕೈ ನಿಂತಿತು.

“ನಿನ್ನಿ ಏನರ ತಪ್ಪಿ ಉಂಡಿದ್ರೇನು?”

“ಇಲ್ಲ ಯವ್ವ. ಅದೇ ರೊಟ್ಟಿ, ಅದೇ ಪಲ್ಯ.”

“ಹಂಗಾದ್ರ ಇದೆಲ್ಲ ಸುಳ್ಳ ಅನ್ರಿ,” ಅಂದಳು. ಸಿಟ್ಟಿರಲಿಲ್ಲ. ದಣಿದವಳ ದನಿ ಅದು.

ಅಲ್ಲೇ ಹೇಳಿಬಿಡಬಹುದಿತ್ತು. ಅವಳದೇ ಪುಂಡಿಪಲ್ಯ ನನ್ನ ಬಾಯಲ್ಲಿತ್ತು, ಅಗಿಯುತ್ತ ಕೂತೆ. ಕಂಡಕ್ಟರು, ಒಮ್ಮೊಮ್ಮೆ ಹಂಗ ಏರ್ತದ, ಚಿಂತಿ ಮಾಡಬ್ಯಾಡ್ರಿ ಅಂತ ನನ್ನನ್ನೇ ಸಮಾಧಾನ ಮಾಡಿದರು.

ಮುಂದಿನ ತಿಂಗಳು ಮತ್ತೆ ಆ ಅಂಗಡಿಯ ಮುಂದೆ ಹಾದೆ. ಅವ್ವನ ಕೈ ನಿಂತದ್ದು ಕಣ್ಣಿಗೆ ಕಟ್ಟಿತ್ತು, ಒಳಗೆ ಹೋಗಲಿಲ್ಲ. ನಂಬರು ಸರಿಯಾಗಿ ಬಂತು. ಡಾಕ್ಟರು ಚೀಟಿಯ ಮೇಲೆ ಆರು ತಿಂಗಳು ಅಂತ ಬರೆದರು. ಕೊನೆಯ ಸಲ ಎಲ್ಲರ ಜೊತೆ ಉಂಡು ಹೋಗೋಣ ಅಂತ ಟಾಕಿಗೆ ಹೋದರೆ ಅವ್ವ ಇರಲಿಲ್ಲ. ಉಳಿದವರ ನಡುವೆ ಕಂಡಕ್ಟರು ಮಾತ್ರ ಬುತ್ತಿ ಬಿಚ್ಚದೆ ಕೂತಿದ್ದರು.

“ಆಕಿ ಬರಂಗಿಲ್ಲಂತ್ರಿ,” ಅಂದರು. ಅವರ ಬಸ್ಸು ದೋರನಹಳ್ಳಿಯ ಮೇಲೆಯೇ ಹಾಯುತ್ತದೆ. “ಮಾಸ್ತರ್ರಿಗೇ ಆಗಲಿಲ್ಲ, ನನಗೇನಾಗ್ತದ ಅಂತ ಅನ್ನ ಉಣ್ಣಾಕತ್ಯಾಳ. ಸೊಸ್ತೇರಿಗಿ ನೀವ ಗೆದ್ರಿ ಅಂದಾಳಂತ.”

ಆ ಊಟ ನನಗೆ ಇಳಿಯಲಿಲ್ಲ. ಭಾನುವಾರ ಅವರದೇ ಬಸ್ಸು ಹತ್ತಿ ದೋರನಹಳ್ಳಿಯಲ್ಲಿ ಇಳಿದೆ. ಮನೆ ಕೇಳಿಕೊಂಡು ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದಳು. ತಾಟಿನ ತುಂಬ ಅನ್ನ, ಸಾರು. ನನ್ನನ್ನು ಕಂಡು ಮುಚ್ಚಿಡಲು ಹೋಗಲಿಲ್ಲ.

“ಬರ್ರಿ ಮಾಸ್ತರ್ರ. ಉಣ್ಣಾಕ ಕೂಡ್ರಿ.”

ಕೂಡದೆ ನಿಂತುಕೊಂಡೇ ಹೇಳಿದೆ. ಜಿಲೇಬಿ, ಚಹಾ, ಡಾಕ್ಟರ ಆರು ತಿಂಗಳು, ಎಲ್ಲ. ಬಾಗಿಲ ಸಂದಿಯಲ್ಲಿ ಸೊಸೆ ನಿಂತು ಕೇಳುತ್ತಿದ್ದಳು. ಅವ್ವ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಯಾಕ?” ಅಂದಳು.

“ಒಬ್ಬನ ಉಂಡು ಉಂಡು ಸಾಕಾಗ್ಯಾದ ಯವ್ವ,” ಅಂದೆ. ಐವತ್ತು ದಾಟಿದ ಬಾಯಿಯಿಂದ ಅಂಥ ಮಾತು ಅದೇ ಮೊದಲ ಸಲ ಹೊರಬಂದದ್ದು.

ಅವಳು ಬೆರಳಿನ ಅನ್ನವನ್ನು ತಾಟಿನ ಅಂಚಿಗೆ ಒರೆಸಿದಳು. ಆಮೇಲೆ, “ಟಾಕಿ ಬುಡಕ ಕೂಡಾಕ ದಾಕ್ಟರ್ ಚೀಟಿ ಬೇಕಂತ ಯಾರ್ ಹೇಳಿದ್ರು ನಿಮಗ?” ಅಂದಳು.

ಯಾರೂ ಹೇಳಿರಲಿಲ್ಲ. ಅಷ್ಟು ತಿಂಗಳು ಯೋಚಿಸಿದರೂ ನನಗೆ ಹೊಳೆಯದ ಮಾತು ಅದು. ಬಾ ಅಂತ ಕರೆಯಲು ಕಾರಣ ಬೇಕು, ಕೂರಲು ಹಕ್ಕು ಬೇಕು ಅಂದುಕೊಂಡು ಬದುಕಿದವನು ನಾನು. ಎಲ್ಲೂ ಸುಮ್ಮನೆ ಹೋಗಿ ಕೂತು ಗೊತ್ತಿರಲಿಲ್ಲ.

“ಜಿಲೇಬಿ ರುಚಿ ಇತ್ತೇನು?” ಅಂತ ಕೇಳಿದಳು.

“ಇಲ್ಲ. ನಿಂತು ನುಂಗಿದೆ.”

“ನನಗಂತೂ ಈ ಅನ್ನ ಬಾಳ ರುಚಿ ಹತ್ತಿತ್ತು ನೋಡ್ರಿ,” ಅಂದು ತಾಟನ್ನು ಸೊಸೆಯ ಕಡೆ ಸರಿಸಿದಳು. “ಮತ್ತ ಬಿಡಬೇಕಂತ ಹೇಳಾಕ ಬಂದೀರಿ.”

ಮುಂದಿನ ತಿಂಗಳು ಅವಳು ಬಂದಳು. ನಂಬರು ಮೊದಲ ದಿನಗಳಿಗಿಂತ ಮೇಲೆ ಹೋಗಿತ್ತು. ಇದ್ದ ಗುಳಿಗೆಗೆ ಇನ್ನೊಂದು ಕೂಡಿಸಿದ್ದರು. ಚೀಟಿಯನ್ನು ನನ್ನ ಕೈಗೆ ಕೊಟ್ಟು ಓದಿಸಿಕೊಂಡಳು. ಆಮೇಲೆ ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನಗೆ ಆವತ್ತು ರಕ್ತ ಕೊಡುವುದಿರಲಿಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿ, ನಾಲ್ಕು ರೊಟ್ಟಿ ಜಾಸ್ತಿ ಬಡಿದು ತಂದಿದ್ದೆ.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಯಾರೂ ಯಾಕೆ ಬಂದಿರಿ ಅಂತ ಕೇಳುವುದಿಲ್ಲ. ಕಂಡಕ್ಟರು ತಮ್ಮ ಹರಕೆಯ ದೇವರಿಗೆ ಹೊಸ ಹೊಸ ಹೆಸರು ಇಡುತ್ತಾರೆ, ನಗುತ್ತೇವೆ. ಅವ್ವನ ನಂಬರು ಮತ್ತೆ ಇಳಿಯತೊಡಗಿದೆ. ನನ್ನ ರೊಟ್ಟಿಯ ಅಂಚು ಸೀಳುವುದಿಲ್ಲ ಅಂತ ಹೊಗಳುತ್ತಾಳೆ, ಮೊದಲ ತುತ್ತನ್ನು ನನ್ನ ಬುತ್ತಿಯಿಂದಲೇ ಮುರಿಯುತ್ತಾಳೆ. ಮುರಿಯುವಾಗ ಹ್ಯಾಂಗದ ಮೈ ಅಂತ ಕೇಳುತ್ತಾಳೆ. ಚೊಲೋ ಅದ ಯವ್ವ ಅನ್ನುತ್ತೇನೆ, ನಿಜವನ್ನೇ ಹೇಳುತ್ತೇನೆ. ಆದರೂ ತುತ್ತನ್ನು ಬಾಯಿಗೆ ಇಡುವ ಮೊದಲು ಅವಳು ಒಮ್ಮೆ ನನ್ನ ಮುಖ ನೋಡುತ್ತಾಳೆ, ನಂಬಬೇಕೋ ಬೇಡವೋ ಅಂತ. ಅವಳು ನೋಡಿ ಮುಗಿಸುವವರೆಗೆ, ಅಷ್ಟು ಜನರ ನಡುವೆ ಕೂತು, ನಾನು ಒಬ್ಬನೇ ಇರುತ್ತೇನೆ.