ಹಾಸ್ಟೆಲಿಗೆ ಹೊರಟ ಕೌದಿ

ನಾವು ಚಿಗವ್ವ ಎನ್ನುತ್ತಿದ್ದ ಪಕ್ಕದ ಮನೆಯ ತಾಯಿಗೆ ಆ ವಾರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾನಗಲ್ಲಿನ ನಮ್ಮ ಓಣಿಯಿಂದ ಧಾರವಾಡದ ಕಾಲೇಜಿಗೆ ಹೊರಟ ಮೊದಲ ಹುಡುಗಿ ಅವರ ಮಗಳು. ಟ್ರಂಕಿನ ಮುಂದೆ ಕೂತು ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೊನೆಗೆ ಲಟ್ಟಣಿಗೆಯನ್ನೂ ಎತ್ತಿ, "ಇದನ್ನೂ ಹಾಕ್ಲೇನ?" ಎನ್ನುತ್ತಿದ್ದರು.

"ಯವ್ವಾ, ಮನೀನ ಹಾಕಿಬಿಡು!" ಎಂದು ಮಗಳು ನಗುತ್ತಿದ್ದಳು.

ಹೊರಡುವ ಹಿಂದಿನ ದಿನ ಚಿಗವ್ವ ಮಗಳಿಗೆ ಸೀಮೆಎಣ್ಣೆಯ ಹೊಸ ಪಂಪ್ ಸ್ಟೌ ಹಚ್ಚುವುದನ್ನು ಕಲಿಸಲು ಹೋದರು. ಅದು ಹೊಗೆಯಾಡಿತು. ಕಟ್ಟಿಗೆ ಒಲೆಯ ರೂಢಿಯಲ್ಲಿ ಬಗ್ಗಿ ಊದಿಬಿಟ್ಟರು. ಉರಿ ಹಾರಿ ಸೆರಗಿಗೆ ಹತ್ತಿತು. ನಾನು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದೆ. ಹಾಸ್ಟೆಲಿಗೆಂದು ಹೊಲಿದಿಟ್ಟಿದ್ದ ಕೌದಿಯನ್ನೇ ಮಗಳು ತಾಯಿಗೆ ಸುತ್ತಿ, ಮೈಗೆ ತಾಗುವ ಮೊದಲೇ ಬೆಂಕಿ ಆರಿಸಿದಳು. ಮುಂದೆ ಅದೇ ಹಾಸ್ಟೆಲಿನಲ್ಲಿ ನಾನೂ ಓದಿದೆ. ಸ್ಟೌ ಪಂಪಿನ ಸದ್ದಿಗೆ ಇಂದಿಗೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ನಾ ಹೋಗಂಗಿಲ್ಲವ್ವಾ," ಎಂದು ಮಗಳು ಅತ್ತಳು.

"ನನ್ನ ಉಳಿಸ್ದಾಕಿ ನೀ, ಅಲ್ಲಿ ಬಾಳ್ವಿ ಮಾಡಂಗಿಲ್ಲೇನ? ಕಣ್ಣ ಒರಸ್ಕೊ!"

ಕೌದಿಯಲ್ಲಿ ಅಂಗೈಯಗಲ ತೂತು ಬಿದ್ದಿತ್ತು. ಸುಡದೆ ಉಳಿದ ಸೆರಗನ್ನು ಕತ್ತರಿಸಿ, ಹೊದ್ದವಳಿಗೆ ಹಸಿವು ತಾಗದಿರಲೆಂದು ಹೋಳಿಗೆಯ ಚೂರನ್ನು ಒಳಗಿಟ್ಟು, ಚಿಗವ್ವ ತೇಪೆ ಹೊಲಿದರು.

ಮಗಳು ಸ್ಟೌ ಎತ್ತಿ ತೋರಿಸಿ, "ಇದನ್ನೂ ಹಾಕ್ಲೇನ?" ಎಂದಳು.

"ಬ್ಯಾಡ, ಇಲ್ಲೇ ಇರ್ಲಿ. ನಾನೂ ಕಲೀತೇನಿ."